ಬೆಳಗಾವಿಯಲ್ಲಿ ದೈತ್ಯಪ್ರಾಣಿಯ ಸಿನಿಮಾ: ಎಂಟು ವರ್ಷದ ಮಗಳನ್ನೂ ಅವ್ವನನ್ನೂ ಕರೆದುಕೊಂಡು ಹೋಗಬಹುದೇ?

ಘಟಪ್ರಭಾ ದಂಡೆ (ಪ್ರಶ್ನೆ):

ಮುಧೋಳ ತಾಲ್ಲೂಕಿನ ನಮ್ಮ ಊರಿಗೆ ಡಿಸೆಂಬರ್ ಕೊನೆಯ ವಾರದಲ್ಲಿ ಪುಣೆಯಿಂದ ಅಕ್ಕನ ಮನೆಯವರು ಬರಲಿದ್ದು, ಒಂದು ದಿನ ಎಲ್ಲರೂ ಕೂಡಿ ಬೆಳಗಾವಿಗೆ ಹೋಗಿ ಸಿನಿಮಾ ನೋಡುವುದೆಂದು ನಿಶ್ಚಯವಾಗಿದೆ. ಯಾವ ಬಗೆಯ ಸಿನಿಮಾ ಎಂಬುದನ್ನು ಅಕ್ಕನ ಹನ್ನೆರಡು ವರ್ಷದ ಮಗ ಫೋನಿನಲ್ಲಿಯೇ ತೀರ್ಮಾನಿಸಿಬಿಟ್ಟಿದ್ದಾನೆ. ಗಾಡ್ಜಿಲ್ಲಾ, ಕಿಂಗ್ ಕಾಂಗ್ ಜಾತಿಯ, ಊರನ್ನೇ ತುಳಿದುಹಾಕುವ ದೈತ್ಯಪ್ರಾಣಿ ಇರಬೇಕು, ಪರದೆ ದೊಡ್ಡದಿರಬೇಕು. ಬೇರೆ ಏನು ತೋರಿಸಿದರೂ ಅವನ ಲೆಕ್ಕಕ್ಕಿಲ್ಲ. ಅವನ ಬಗ್ಗೆ ನನಗೆ ಚಿಂತೆಯಿಲ್ಲ. ನನ್ನ ಮಗಳಿಗೆ ಎಂಟು ವರ್ಷ. ಟಿವಿಯಲ್ಲಿ ಮೊಸಳೆ ಬಾಯಿ ತೆರೆದರೆ ಕೌದಿಯನ್ನು ತಲೆಯ ಮೇಲೆ ಎಳೆದುಕೊಳ್ಳುವ ಹುಡುಗಿ, ಆದರೆ ಅಣ್ಣ ಹೋಗುವಲ್ಲಿಗೆ ತಾನೂ ಹೋಗಲೇಬೇಕು ಎನ್ನುತ್ತಾಳೆ. ಎಪ್ಪತ್ತು ದಾಟಿದ ಅವ್ವನೂ ಬರುತ್ತೇನೆಂದು ಕುಳಿತಿದ್ದಾಳೆ, ಥಂಡಿ ತಗಲಿದರೆ ಅವಳ ಮೊಣಕಾಲು ಹಿಡಿದುಕೊಳ್ಳುತ್ತವೆ.

ಇಂಥ ಚಿತ್ರಗಳಿಗೆ ಹೆಚ್ಚಾಗಿ ‘ಯುಎ 13+’ ಎಂದು ಇರುತ್ತದೆಯಂತೆ. ಹಾಗಿದ್ದರೆ ಮಗಳನ್ನು ಬಾಗಿಲಲ್ಲೇ ತಡೆಯುತ್ತಾರೆಯೇ? ಯಾವ ಆಟಕ್ಕೆ ಹೋಗುವುದು ಒಳ್ಳೆಯದು? ಅವ್ವ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಳ್ಳುತ್ತೇನೆ ಎನ್ನುತ್ತಿದ್ದಾಳೆ, ಅದನ್ನು ಒಳಗೆ ಬಿಡುತ್ತಾರೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಮಗಳು ಹೆದರಿಕೊಂಡರೆ ಏನು ಮಾಡಬೇಕೆಂದು ಮಕ್ಕಳೊಂದಿಗೆ ಇಂಥ ಸಿನಿಮಾ ನೋಡಿದವರು ದಯವಿಟ್ಟು ತಿಳಿಸಿ.

ಟಿಳಕವಾಡಿ ವಾಸಿ:

ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ. ಹದಿನೆಂಟರ ಕೆಳಗಿನವರಿಗೆ ಪ್ರವೇಶವಿಲ್ಲದ್ದು ‘ಎ’ ಪ್ರಮಾಣಪತ್ರದ ಚಿತ್ರಕ್ಕೆ ಮಾತ್ರ. ಮೊದಲು ಒಂದೇ ಆಗಿದ್ದ ‘ಯುಎ’ ವರ್ಗವನ್ನು 2023ರ ಕಾಯ್ದೆ ತಿದ್ದುಪಡಿ ಮತ್ತು 2024ರ ನಿಯಮಗಳ ಮೂಲಕ 7+, 13+, 16+ ಎಂದು ಮೂರಾಗಿ ಒಡೆದಿದ್ದಾರೆ. ಅದು ತಂದೆತಾಯಿಗೆ ಕೊಟ್ಟ ಸೂಚನೆಯೇ ಹೊರತು ನಿಷೇಧವಲ್ಲ. ಹಾಗೆಂದು ಆ ಅಂಕಿಯನ್ನು ಕಡೆಗಣಿಸಬೇಡಿ. 7+ ಮತ್ತು 16+ ನಡುವೆ ರಕ್ತಪಾತದ ಪ್ರಮಾಣದಲ್ಲಿ ಬಹಳ ಅಂತರವಿರುತ್ತದೆ. 16+ ಎಂದಿದ್ದರೆ ಎಂಟು ವರ್ಷದ ಹುಡುಗಿಯನ್ನು ಕರೆತರುವ ಮಾತೇ ಬೇಡ.

ಆಟದ ವಿಷಯಕ್ಕೆ ಬಂದರೆ, ನಾನು ಮಧ್ಯಾಹ್ನದ ಆಟವನ್ನೇ ಹೇಳುತ್ತೇನೆ, ಮತ್ತು ಅದಕ್ಕೆ ಕಾರಣ ಸಿನಿಮಾ ಅಲ್ಲ, ರಸ್ತೆ. ಲೋಕಾಪುರ, ಯರಗಟ್ಟಿ ಮೇಲೆ ನಿಮಗೆ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ ಇದೆ. ಡಿಸೆಂಬರ್ ಎಂದರೆ ಕಬ್ಬು ನುರಿಸುವ ಹಂಗಾಮು; ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಾತ್ರಿಯಿಡೀ ಕಾರ್ಖಾನೆಯ ಕಡೆಗೆ ಸಾಗುತ್ತಿರುತ್ತವೆ, ಎಷ್ಟೋ ಟ್ರೇಲರುಗಳ ಹಿಂದೆ ದೀಪವೂ ಇರುವುದಿಲ್ಲ, ಕೆಂಪು ರಿಫ್ಲೆಕ್ಟರೂ ಇರುವುದಿಲ್ಲ, ಕಬ್ಬಿನ ಜಲ್ಲೆಗಳು ಮಾತ್ರ ಹೊರಗೆ ಚಾಚಿಕೊಂಡಿರುತ್ತವೆ. ಸಂಜೆಯ ಆಟ ಮುಗಿಸಿ ಆ ದಾರಿಯಲ್ಲಿ ಕುಟುಂಬವನ್ನು ಕರೆದುಕೊಂಡು ಹೋಗುವುದು ಯಾವ ದೈತ್ಯಪ್ರಾಣಿಗಿಂತಲೂ ಭಯಂಕರ. ಹನ್ನೆರಡರ ಆಟ ನೋಡಿದರೆ ಮೂರರ ಹೊತ್ತಿಗೆ ಹೊರಗೆ ಬಂದು, ಹೊತ್ತು ಮುಳುಗುವ ವೇಳೆಗೆ ಮನೆ ಸೇರಬಹುದು.

ಬುತ್ತಿಯನ್ನು ಒಳಗೆ ಬಿಡುವುದು ಅನುಮಾನ. ಹೊರಗಿನ ತಿಂಡಿಯನ್ನು ತಡೆಯುವ ಹಕ್ಕು ಚಿತ್ರಮಂದಿರದವರಿಗೆ ಇದೆಯೆಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಕುಡಿಯುವ ನೀರನ್ನು ಅವರು ಉಚಿತವಾಗಿ ಕೊಡಬೇಕು, ಹಸುಗೂಸಿನ ಆಹಾರಕ್ಕೆ ಅಡ್ಡಿ ಮಾಡುವಂತಿಲ್ಲ, ಅಷ್ಟೇ. ಹನ್ನೊಂದಕ್ಕೆ ಊರು ಮುಟ್ಟಿ ಕೋಟೆ ಕೆರೆಯ ದಂಡೆಯಲ್ಲಿ ಬಿಸಿಲಿಗೆ ಕುಳಿತು ಬುತ್ತಿ ಬಿಚ್ಚಿ. ಇಲ್ಲಿ ಮುಂಜಾನೆಯ ಥಂಡಿ ನಿಮ್ಮ ಕಡೆಗಿಂತ ತುಸು ಜೋರು, ಆದರೆ ಆ ಹೊತ್ತಿನ ಬಿಸಿಲು ಹಿತವಾಗಿರುತ್ತದೆ.

ಗುಮ್ಮಟನಗರಿ:

ರಸ್ತೆಯ ಮಾತನ್ನು ಪೂರ್ತಿ ಒಪ್ಪುತ್ತೇನೆ. ಹೆದರಿಕೆಯ ಬಗ್ಗೆ ನಾನೊಂದಿಷ್ಟು ಹೇಳುತ್ತೇನೆ, ಈ ಜಾತಿಯ ಚಿತ್ರಗಳ ಹುಚ್ಚು ನನಗೆ ಶಾಲೆಯ ದಿನಗಳಿಂದಲೂ ಇದೆ.

ಹೊರಡುವ ಮುನ್ನಾದಿನ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು, ಆ ಪ್ರಾಣಿಯನ್ನು ಮಾಡುವುದು ಹೇಗೆಂದು ತಿಳಿಸಿ ಹೇಳಿ. 1933ರ ಕಿಂಗ್ ಕಾಂಗ್ ಪರದೆಯ ಮೇಲೆ ಗಗನಚುಂಬಿ ಕಟ್ಟಡ ಹತ್ತುತ್ತದೆ. ನಿಜವಾಗಿ ಆ ಗೊಂಬೆಯ ಎತ್ತರ ಸುಮಾರು ಒಂದೂವರೆ ಅಡಿ. ಒಳಗೆ ಲೋಹದ ಅಸ್ಥಿಪಂಜರ, ಮೇಲೆ ರಬ್ಬರು, ಅದರ ಮೇಲೆ ಮೊಲದ ತುಪ್ಪಳ. ವಿಲ್ಲಿಸ್ ಒ'ಬ್ರಿಯನ್ ಮತ್ತು ಸಂಗಡಿಗರು ಗೊಂಬೆಯ ಕೈಕಾಲನ್ನು ಕೂದಲೆಳೆಯಷ್ಟು ಸರಿಸಿ ಒಂದು ಚಿತ್ರ, ಮತ್ತೆ ಸರಿಸಿ ಇನ್ನೊಂದು ಚಿತ್ರ ಎಂದು ಪರದೆಯ ಮೇಲಿನ ಒಂದೊಂದು ಸೆಕೆಂಡಿಗೆ 24 ಚಿತ್ರಗಳನ್ನು ತೆಗೆದರು. ಆ ಚಿತ್ರವನ್ನು ಇಂದು ನೋಡಿದರೆ ಕಾಂಗ್‌ನ ಮೈಕೂದಲು ಗಾಳಿಯಿಲ್ಲದೆಯೇ ಮಿಸುಕಾಡುವುದು ಕಾಣುತ್ತದೆ, ಅದು ಗೊಂಬೆಯನ್ನು ಮುಟ್ಟಿ ಮುಟ್ಟಿ ಸರಿಸಿದವರ ಬೆರಳಿನ ಗುರುತು. ಇದನ್ನು ಒಮ್ಮೆ ತೋರಿಸಿದರೆ ಹುಡುಗ ಆಮೇಲೆ ಬೆರಳಿನ ಗುರುತನ್ನೇ ಹುಡುಕುತ್ತಾನೆ.

1954ರ ಜಪಾನಿನ ಗಾಡ್ಜಿಲ್ಲಾದಲ್ಲಿ ಇದ್ದದ್ದು ಮನುಷ್ಯ. ಹರುವೊ ನಕಾಜಿಮಾ ಎಂಬ ನಟ ನೂರು ಕಿಲೋ ಆಸುಪಾಸು ತೂಕದ ವೇಷದೊಳಗೆ ನಿಂತು ಬೊಂಬೆ ಊರನ್ನು ತುಳಿದ. ನಡಿಗೆಗೆ ಭಾರ ಬರಲೆಂದು ಅದನ್ನು ಹೆಚ್ಚಿನ ವೇಗದಲ್ಲಿ ಚಿತ್ರಿಸಿ ನಿಧಾನವಾಗಿ ತೋರಿಸಿದರು. ಆ ಕೂಗು ಯಾವ ಪ್ರಾಣಿಯದೂ ಅಲ್ಲ. ಸಂಗೀತ ನಿರ್ದೇಶಕ ಅಕಿರಾ ಇಫುಕುಬೆ ಅಂಟು ಸವರಿದ ಚರ್ಮದ ಕೈಗವಸಿನಿಂದ ದೊಡ್ಡ ತಂತಿವಾದ್ಯವಾದ ಡಬಲ್ ಬಾಸ್‌ನ ತಂತಿಯನ್ನು ಉಜ್ಜಿ ಹುಟ್ಟಿಸಿದ ಸದ್ದು ಅದು. ಹುಡುಗನಿಗೆ ಇನ್ನೊಂದು ಮಾತನ್ನೂ ಹೇಳಬಹುದು: ಅದೇ ವರ್ಷದ ಮಾರ್ಚ್ 1ರಂದು ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ಸಿಡಿಸಿದ ಹೈಡ್ರೋಜನ್ ಬಾಂಬಿನ ಬೂದಿ ಜಪಾನಿನ ಮೀನುಗಾರಿಕೆ ದೋಣಿಯೊಂದರ 23 ಜನರ ಮೇಲೆ ಬಿದ್ದಿತ್ತು, ಚಿತ್ರ ತೆರೆಗೆ ಬಂದದ್ದು ನವೆಂಬರಿನಲ್ಲಿ. ಆ ಪ್ರಾಣಿ ಏಕೆ ಸಮುದ್ರದಿಂದ ಎದ್ದು ಬರುತ್ತದೆಂದು ಹನ್ನೆರಡರ ಹುಡುಗನಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ವಿಷಯ. ಇಂಥ ಚಿತ್ರಗಳಲ್ಲಿ ಕಣ್ಣಿಗಿಂತ ಕಿವಿಯೇ ಹೆಚ್ಚು ಹೆದರಿಸುತ್ತದೆ. 1975ರ ‘ಜಾಸ್’ ಚಿತ್ರದ ಯಾಂತ್ರಿಕ ಶಾರ್ಕ್ ಉಪ್ಪುನೀರಿನಲ್ಲಿ ಪದೇ ಪದೇ ಕೆಟ್ಟು ನಿಂತದ್ದರಿಂದ ನಿರ್ದೇಶಕರು ಅದನ್ನು ಬಹಳ ಹೊತ್ತು ತೋರಿಸದೆಯೇ, ಸಂಗೀತದಿಂದಲೇ ಹೆದರಿಸಬೇಕಾಯಿತು. ಅದೇ ಆ ಚಿತ್ರದ ಬಲವಾಯಿತು. ಆದ್ದರಿಂದ ಮಗಳಿಗೆ ಉಣ್ಣೆಯ ಕುಲಾಯಿ ಹಾಕಿ ಕಿವಿ ಮುಚ್ಚುವಂತೆ ಎಳೆದಿಡಿ. ಥಂಡಿಗೂ ಆಯಿತು, ಸದ್ದಿಗೂ ಆಯಿತು. ಸೀಟು ಹಿಂದಿನ ಸಾಲಿನಲ್ಲಿರಲಿ. ತ್ರೀಡಿ ಬೇಡ, ದೊಡ್ಡವರ ಅಳತೆಯ ಕನ್ನಡಕ ಸಣ್ಣ ಮುಖದ ಮೇಲೆ ನಿಲ್ಲುವುದಿಲ್ಲ.

ನವನಗರ:

ಗುಮ್ಮಟನಗರಿಯವರ ಮಾಹಿತಿ ಸೊಗಸಾಗಿದೆ, ಆದರೆ ಅದು ನೆರವಾಗುವುದು ಹನ್ನೆರಡರ ಹುಡುಗನಿಗೆ. ನಾನು ಪ್ರಾಥಮಿಕ ಶಾಲೆಯಲ್ಲಿ ಕಲಿಸುವವಳು. ಏಳು ವರ್ಷದವರೆಗಿನ ಮಕ್ಕಳು ಹೆಚ್ಚಾಗಿ ರೂಪಕ್ಕೆ ಹೆದರುತ್ತಾರೆ. ಬಾಯಿ ದೊಡ್ಡದಿದ್ದರೆ, ಹಲ್ಲು ಕಂಡರೆ ಸಾಕು. ಅದರ ಮೇಲಿನವರು ತಮಗೂ ಹಾಗಾದೀತೇ ಎಂಬ ಯೋಚನೆಗೆ ಹೆದರುತ್ತಾರೆ. ಎಂಟು ಎಂಬುದು ಎರಡರ ನಡುವಿನ ವಯಸ್ಸು. ‘ಅದು ರಬ್ಬರು, ಸುಳ್ಳು’ ಎಂದು ಎಷ್ಟು ತಿಳಿಸಿ ಹೇಳಿದರೂ, ಕತ್ತಲಲ್ಲಿ ಆ ತಿಳಿವಳಿಕೆ ಸಣ್ಣವರ ಕೈಗೆ ಸಿಗುವುದಿಲ್ಲ. ಆಗ ಬೇಕಾಗುವುದು ತೊಡೆಯ ಮೇಲೆ ಕೂರಿಸಿಕೊಳ್ಳುವುದು, ಕೈ ಹಿಡಿದುಕೊಳ್ಳುವುದು, ಬಾಯಿಗೆ ಏನಾದರೂ ಕೊಡುವುದು.

ಮೊದಲೇ ಅವಳೊಂದಿಗೆ ಒಂದು ಒಪ್ಪಂದ ಮಾಡಿಕೊಳ್ಳಿ: ಕೈ ಚಿವುಟಿದರೆ ಇಬ್ಬರೂ ಎದ್ದು ಹೊರಗೆ ಹೋಗುವುದು, ಯಾಕೆ ಎಂದು ಕೇಳುವಂತಿಲ್ಲ, ಅಣ್ಣ ನಗುವಂತಿಲ್ಲ. ಮಧ್ಯಂತರದಲ್ಲಿ ಇನ್ನೊಮ್ಮೆ ಕೇಳಿ, ಬೇಡವೆಂದರೆ ಅಲ್ಲಿಗೇ ನಿಲ್ಲಿಸಿ. ಟಿಕೆಟ್ ದುಡ್ಡು ಹಾಳಾಯಿತೆಂದು ಒಳಗೆ ಕೂರಿಸುವವರನ್ನು ನಾನು ಕಂಡಿದ್ದೇನೆ, ಆಮೇಲೆ ವಾರಗಟ್ಟಲೆ ಮಗು ಒಬ್ಬಳೇ ಬಚ್ಚಲಿಗೆ ಹೋಗುವುದಿಲ್ಲ ಎಂಬ ದೂರು ಹೇಳುವವರೂ ಅವರೇ. ಉಣ್ಣದಿದ್ದರೆ ಗುಮ್ಮ ಬರುತ್ತಾನೆ ಎಂದು ಮನೆಯಲ್ಲಿ ಹೇಳುವ ರೂಢಿಯಿದ್ದರೆ, ಸಿನಿಮಾ ನೋಡಿ ಬಂದ ಮೇಲಾದರೂ ಅದನ್ನು ಬಿಡಿ.

ನಿಮ್ಮ ತಾಯಿಯವರ ಬಗ್ಗೆ ಚಿಂತೆ ಬೇಡ. ದೊಡ್ಡಾಟದಲ್ಲಿ ರಾಕ್ಷಸ ಪಾತ್ರ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ಅಬ್ಬರಿಸುತ್ತ ರಂಗಕ್ಕೆ ಬರುವುದನ್ನು ಬೆಳತನಕ ಕುಳಿತು ನೋಡಿದ ತಲೆಮಾರು ಅದು. ಅವರು ಹೆದರುವುದಿಲ್ಲ, ನಿದ್ದೆ ಮಾಡಿದರೂ ಮಾಡಬಹುದು.

ಘಟಪ್ರಭಾ ದಂಡೆ:

ಎಲ್ಲರಿಗೂ ಧನ್ಯವಾದಗಳು. ಮಧ್ಯಾಹ್ನದ ಆಟ, ತ್ರೀಡಿ ಇಲ್ಲದ್ದು, 16+ ಇದ್ದರೆ ಬೇರೆ ಚಿತ್ರ ಎಂದು ಮನೆಯಲ್ಲಿ ಮಾತಾಗಿದೆ. ಚಿವುಟುವ ಒಪ್ಪಂದಕ್ಕೆ ಮಗಳು ಈಗಲೇ ಒಪ್ಪಿದ್ದಾಳೆ, ಅಭ್ಯಾಸವನ್ನೂ ಶುರುಮಾಡಿದ್ದಾಳೆ. ಒಳಗಿನ ಎ.ಸಿ.ಯಿಂದ ಅವ್ವನ ಮೊಣಕಾಲಿಗೆ ತೊಂದರೆಯಾಗದಂತೆ ಎಲ್ಲಿ ಕೂರಿಸಬೇಕು ಎಂಬುದೊಂದೇ ಉಳಿದದ್ದು.

ಟಿಳಕವಾಡಿ ವಾಸಿ:

ಹಿಂದಿನ ಸಾಲುಗಳಲ್ಲಿಯೇ ನಡೆದಾಡುವ ದಾರಿಯ ಅಂಚಿನ ಸೀಟು ತೆಗೆದುಕೊಳ್ಳಿ, ಅವರು ಕಾಲು ಚಾಚಬಹುದು, ನೀವು ಮಗಳನ್ನು ಕರೆದುಕೊಂಡು ಯಾರನ್ನೂ ದಾಟದೆ ಹೊರಗೆ ಹೋಗಬಹುದು. ಮೆಟ್ಟಿಲು ಹತ್ತುವುದು ಅವರಿಗೆ ಕಷ್ಟವಾದರೆ ಬಾಗಿಲು ಯಾವ ಸಾಲಿಗೆ ತೆರೆಯುತ್ತದೆಂದು ಟಿಕೆಟ್ ಕೊಳ್ಳುವ ಮೊದಲೇ ಕೇಳಿಕೊಳ್ಳಿ. ಕುಳಿತ ಮೇಲೆ ತಣ್ಣನೆಯ ಗಾಳಿ ನೇರವಾಗಿ ಮೈಮೇಲೆ ಬೀಳುತ್ತಿದೆ ಎನಿಸಿದರೆ ದೀಪ ಆರುವ ಮೊದಲೇ ನಿಮ್ಮವರ ಪೈಕಿ ಯಾರಾದರೂ ಸೀಟು ಬದಲಿಸಿಕೊಳ್ಳಿ. ರಗ್ಗು, ಶಾಲು ತರುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಬುತ್ತಿಯ ಗಂಟನ್ನು ಮಾತ್ರ ಗಾಡಿಯಲ್ಲಿಯೇ ಬಿಟ್ಟು ಬನ್ನಿ.