ಕಿವಿ ಮಂದವಾದ ಹಿರಿಯರಿಗೆ ಸಕ್ಕರೆ ಕಾಯಿಲೆ: ವೈದ್ಯರ ಸೂಚನೆ ಅವರಿಗೇ ತಲುಪುವಂತೆ ಮಾಡುವುದು ಹೇಗೆ?

ಪ್ರಶ್ನೆ

ನಮ್ಮ ತಂದೆಯವರಿಗೆ 76 ವರ್ಷ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಹಳೆಯವು. ಈಚೆಗೆ ರಾತ್ರಿಯ ಇನ್ಸುಲಿನ್ ಕೂಡ ಸೇರಿದೆ. ಕಿವಿ ಮಂದವಾಗಿರುವುದು ಮನೆಯವರಿಗೆಲ್ಲ ಗೊತ್ತಿದ್ದರೂ ಅವರು ಒಪ್ಪುವುದಿಲ್ಲ. ವೈದ್ಯರು ಏನೇ ಹೇಳಲಿ, ತಲೆಯಾಡಿಸಿ ‘ಆಯ್ತು ಡಾಕ್ಟ್ರೇ’ ಎನ್ನುತ್ತಾರೆ. ಮನೆಗೆ ಬಂದ ಮೇಲೆ ಊಟಕ್ಕೆ ಮೊದಲಿನ ಮಾತ್ರೆಯನ್ನು ಊಟವಾದ ಮೇಲೆ ನುಂಗುತ್ತಾರೆ. ವೈದ್ಯರೂ ಕ್ರಮೇಣ ಅವರನ್ನು ಬಿಟ್ಟು ನನ್ನೊಡನೆಯೇ ಮಾತನಾಡತೊಡಗಿದ್ದಾರೆ. ಆದರೆ ನಾನಿರುವುದು ಬೆಂಗಳೂರಿನಲ್ಲಿ, ತಂದೆ ತಾಯಿ ಇರುವುದು ಹಾಸನದ ಕಡೆಯ ಊರಿನಲ್ಲಿ. ಔಷಧಿಯ ಪ್ರಮಾಣ ಬದಲಾದಾಗ ಫೋನಿನಲ್ಲಿ ಎಷ್ಟು ಕೂಗಿ ಹೇಳಿದರೂ ಅವರಿಗೆ ಸರಿಯಾಗಿ ಮುಟ್ಟುವುದಿಲ್ಲ. ಇಂಥ ಅನುಭವವಿರುವವರು, ಈ ವೃತ್ತಿಯಲ್ಲಿರುವವರು ದಯವಿಟ್ಟು ಸಲಹೆ ನೀಡಿ.

ಉತ್ತರ 1 (ಶ್ರವಣತಜ್ಞೆ)

ಮೊದಲು ಕೂಗುವುದನ್ನು ನಿಲ್ಲಿಸಿ. ವಯಸ್ಸಿನಿಂದ ಬರುವ ಶ್ರವಣದೋಷದಲ್ಲಿ ಸಾಮಾನ್ಯವಾಗಿ ಎತ್ತರದ ಸ್ಥಾಯಿಯ ಧ್ವನಿಗಳು ಮೊದಲು ಮಂಕಾಗುತ್ತವೆ. ಸ, ಶ, ತ, ಕ ಮೊದಲಾದ ವ್ಯಂಜನಗಳ ಸ್ಪಷ್ಟತೆ ಹೆಚ್ಚಾಗಿ ಇರುವುದು ಅಲ್ಲಿಯೇ. ಆದ್ದರಿಂದ ಎದುರಿನವರು ಮಾತನಾಡುತ್ತಿದ್ದಾರೆಂಬುದು ತಂದೆಯವರಿಗೆ ಕೇಳಿಸುತ್ತದೆ, ಏನು ಹೇಳಿದರೆಂಬುದು ಬಿಡಿಸಿ ತಿಳಿಯುವುದಿಲ್ಲ. ಕೂಗಿದಾಗ ಸದ್ದು ಹೆಚ್ಚುತ್ತದೆ, ಸ್ಪಷ್ಟತೆ ಹೆಚ್ಚುವುದಿಲ್ಲ; ಕೆಲವರಿಗೆ ಆ ಜೋರು ಕಿವಿಗೆ ಹಿಂಸೆಯೂ ಆಗುತ್ತದೆ. ‘ಇಪ್ಪತ್ತು’ ಮತ್ತು ‘ಎಪ್ಪತ್ತು’ ಫೋನಿನಲ್ಲಿ ಬಹಳ ಸುಲಭವಾಗಿ ಅದಲುಬದಲಾಗುತ್ತವೆ, ಹೀಗಾಗಿ ಇನ್ಸುಲಿನ್ನಿನ ಪ್ರಮಾಣವನ್ನು ಎಂದೂ ಬಾಯಿಮಾತಿನಲ್ಲಿ ಮಾತ್ರ ತಿಳಿಸಬೇಡಿ. ದೊಡ್ಡ ಅಂಕಿಗಳಲ್ಲಿ ಬರೆದು ಚಿತ್ರ ಕಳುಹಿಸಿ, ಇಲ್ಲವೇ ಮುಖ ಕಾಣುವಂತೆ ವಿಡಿಯೋ ಕರೆ ಮಾಡಿ ಹಾಳೆಯನ್ನು ತೋರಿಸಿ.

ಸಕ್ಕರೆ ಕಾಯಿಲೆಗೂ ಕಿವಿಗೂ ಸಂಬಂಧವಿದೆ. ಮಧುಮೇಹಿಗಳಲ್ಲಿ ಶ್ರವಣದೋಷವು ಇತರರಿಗಿಂತ ಸುಮಾರು ಎರಡು ಪಟ್ಟು ಸಾಮಾನ್ಯವೆಂದು 2008ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನ ತೋರಿಸಿತು. ಕಣ್ಣು, ಕಾಲು, ಮೂತ್ರಪಿಂಡಗಳನ್ನು ಪರೀಕ್ಷಿಸಿಕೊಳ್ಳುವಂತೆ ಕಿವಿಯನ್ನೂ ಪರೀಕ್ಷಿಸಿಕೊಳ್ಳುವುದು ಸರಿಯಾದ ಕ್ರಮ. ಗುಗ್ಗೆ ಗಟ್ಟಿಯಾಗಿ ಕೂತಿದ್ದರೂ ಕೇಳಿಸುವುದು ಕಡಿಮೆಯಾಗುವುದರಿಂದ ಮೊದಲು ಇಎನ್‌ಟಿ ವೈದ್ಯರು ಅದನ್ನು ನೋಡಲಿ. ಮಧುಮೇಹಿಗಳ ಕಿವಿಗೆ ಸೋಂಕು ತಗುಲಿದರೆ ತೊಂದರೆ ಹೆಚ್ಚು, ಮನೆಯಲ್ಲಿ ಕಡ್ಡಿ ಹಾಕಬೇಡಿ. ಆಮೇಲೆ ಶ್ರವಣ ಪರೀಕ್ಷೆ. ಹಾಸನದಿಂದ ಮೈಸೂರು ದೂರವಲ್ಲ. 1965ರಲ್ಲಿ ಸ್ಥಾಪನೆಯಾದ, ಅಲ್ಲಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆಯೂ ಆಗುತ್ತದೆ, ಶ್ರವಣ ಸಾಧನವನ್ನು ಹೊಂದಿಸಿಯೂ ಕೊಡುತ್ತಾರೆ.

ಉತ್ತರ 2 (ನಿವೃತ್ತ ಶುಶ್ರೂಷಕಿ)

ನನ್ನ ದೃಷ್ಟಿಯಲ್ಲಿ ಮಾತ್ರೆಗಿಂತ ಇನ್ಸುಲಿನ್ ಹೆಚ್ಚು ಆತಂಕದ ವಿಷಯ. ಇನ್ಸುಲಿನ್ ಚುಚ್ಚಿಕೊಳ್ಳುವ ಪೆನ್ನಿನ ‘ಟಿಕ್’ ಸದ್ದನ್ನು ಎಣಿಸಿ ಪ್ರಮಾಣ ಇಡುವ ಅಭ್ಯಾಸ ಹಲವು ಹಿರಿಯರಿಗಿದೆ. ಕಿವಿ ಸರಿಯಿದ್ದವರಿಗೂ ಅದು ತಕ್ಕದ್ದಲ್ಲ, ಏಕೆಂದರೆ ಹಿಂದಕ್ಕೆ ತಿರುಗಿಸಿದಾಗಲೂ ಸದ್ದು ಬರುತ್ತದೆ. ಕಿಂಡಿಯಲ್ಲಿ ಕಾಣುವ ಅಂಕಿಯನ್ನೇ ನೋಡಬೇಕು, ಗುಂಡಿಯನ್ನು ಪೂರ್ತಿ ಒತ್ತಿ ಹತ್ತು ಎಣಿಸುವವರೆಗೆ ಸೂಜಿಯನ್ನು ಹೊರತೆಗೆಯಬಾರದು. ಗ್ಲುಕೋಮೀಟರಿನ ‘ಬೀಪ್’ ಕೂಡ ಎತ್ತರದ ಸ್ಥಾಯಿಯದಾದ್ದರಿಂದ ಅವರಿಗೆ ಕೇಳಿಸದೇ ಇರಬಹುದು. ಪರದೆಯನ್ನು ನೋಡುವುದನ್ನೇ ರೂಢಿಸಿ.

ಇನ್ನೊಂದು ಮಾತನ್ನು ನಿಮ್ಮ ತಾಯಿಯವರಿಗೆ ಖಂಡಿತ ತಿಳಿಸಿ. ಸಕ್ಕರೆ 70ಕ್ಕಿಂತ ಕೆಳಗಿಳಿದಾಗ ಹಿರಿಯರು ಕೇಳಿದ್ದಕ್ಕೆ ಏನೇನೋ ಉತ್ತರ ಕೊಡುತ್ತಾರೆ, ಮಂಕಾಗುತ್ತಾರೆ. ಕಿವಿ ಮಂದವೆಂದು ಗೊತ್ತಿರುವ ಮನೆಯಲ್ಲಿ ‘ಅವರಿಗೆ ಕೇಳಿಸಿಲ್ಲ ಬಿಡು’ ಎಂದು ಅದನ್ನು ಕಡೆಗಣಿಸುವ ಅಪಾಯವಿದೆ. ಮೈ ಬೆವರುತ್ತಿದೆಯೇ, ಕೈ ನಡುಗುತ್ತಿದೆಯೇ ಎಂದು ಮುಟ್ಟಿ ನೋಡಲಿ. ಮೆಟೊಪ್ರೊಲಾಲ್‌ನಂಥ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಡುಕ ಕಾಣದೇ ಇರಬಹುದು, ಬೆವರು ಮಾತ್ರ ಬರುತ್ತದೆ. ಎಚ್ಚರವಿದ್ದು ನುಂಗಬಲ್ಲರಾದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೊಟ್ಟು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಲಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಲಿ.

‘ಗೊತ್ತಾಯ್ತಾ?’ ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ‘ರಾತ್ರಿ ಯಾವುದನ್ನು, ಎಷ್ಟು ತಗೋತೀರಿ, ಹೇಳಿ ನೋಡೋಣ’ ಎಂದು ಕೇಳಿದಾಗಲೇ ನಿಜ ತಿಳಿಯುವುದು. ನಮ್ಮ ವಾರ್ಡಿನಲ್ಲಿ ಸ್ಟೆತಸ್ಕೋಪನ್ನು ರೋಗಿಯ ಕಿವಿಗೆ ಹಾಕಿ, ಅದರ ಬಿಲ್ಲೆಯ ಬಳಿ ಮೆಲ್ಲಗೆ ಮಾತನಾಡುತ್ತಿದ್ದೆವು. ಹಲವರಿಗೆ ಅಷ್ಟರಿಂದಲೇ ಸಾಕಷ್ಟು ಅನುಕೂಲವಾಗುತ್ತಿತ್ತು.

ಉತ್ತರ 3

ನಾನೇ ಆ ತಲೆಯಾಡಿಸುವ ವರ್ಗಕ್ಕೆ ಸೇರಿದವನು, ವಯಸ್ಸು 71. ಹೊರಗೆ ಇನ್ನೂ ಹತ್ತಾರು ಜನ ಕಾಯುತ್ತಿರುವಾಗ ಮೂರನೆಯ ಸಲ ‘ಏನಂದಿರಿ?’ ಎಂದು ಕೇಳಲು ಸಂಕೋಚವಾಗುತ್ತದೆ, ಅಷ್ಟೇ. ಅದು ಹಟವಲ್ಲ, ಮರೆವೂ ಅಲ್ಲ. ನನಗೆ ನಿಜವಾಗಿ ಒದಗಿದ್ದು ಸಣ್ಣ ಏರ್ಪಾಡುಗಳು: ಫ್ಯಾನ್ ಆರಿಸಿ, ವೈದ್ಯರ ಮುಖದ ಮೇಲೆ ಬೆಳಕು ಬೀಳುವ ಕಡೆ ಕೂರುವುದು, ಸಾಧ್ಯವಿದ್ದರೆ ಮಾಸ್ಕ್ ಇಳಿಸಲು ಕೇಳಿಕೊಳ್ಳುವುದು, ಫೈಲಿನ ಮೇಲೆಯೇ ‘ಕಿವಿ ಮಂದ, ದಯವಿಟ್ಟು ಬರೆದು ತೋರಿಸಿ’ ಎಂದು ಅಂಟಿಸಿಕೊಳ್ಳುವುದು. ವೈದ್ಯರು ನಿಮ್ಮ ಕಡೆ ತಿರುಗಿದಾಗ, ‘ಅಪ್ಪನಿಗೇ ಹೇಳಿ, ಅವರು ಓದಿಕೊಳ್ಳುತ್ತಾರೆ’ ಎಂದು ನೀವೇ ಹೇಳಿ. ಕಾಯಿಲೆ ಅವರದು, ಅದರ ಮಾತು ಅವರ ತಲೆಯ ಮೇಲಿಂದ ಹಾರಿಹೋದರೆ ಪಥ್ಯ ಮಾಡುವ ಮನಸ್ಸಾದರೂ ಹೇಗೆ ಬರಬೇಕು?

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ತಂದೆಯವರು ಪತ್ರಿಕೆ ಓದುತ್ತಾರೆ, ಆದ್ದರಿಂದ ಬರೆದು ತೋರಿಸುವ ದಾರಿ ನಮಗೆ ಹೊಂದುತ್ತದೆ. ಶ್ರವಣ ಸಾಧನದ ಬೆಲೆಯ ಬಗ್ಗೆ, ಈಗಿನ ಔಷಧಿಗಳಿಂದ ಕಿವಿಗೆ ತೊಂದರೆಯಾಗಬಹುದೇ ಎಂಬ ಬಗ್ಗೆ ಇನ್ನೂ ಅನುಮಾನವಿದೆ.

ಉತ್ತರ 1 (ಶ್ರವಣತಜ್ಞೆ)

ಆದಾಯ ಕಡಿಮೆಯಿರುವ ಕುಟುಂಬಗಳಿಗೆ ಅಂಗವಿಕಲರಿಗೆ ಸಹಾಯಕ ಸಾಧನ ಒದಗಿಸುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆ ಇದೆ. 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಡಿ ಬಿಪಿಎಲ್ ಕುಟುಂಬಗಳ ಹಿರಿಯರಿಗೂ ಸಾಧನ ದೊರೆಯುತ್ತದೆ. ಕೊಂಡ ಮೇಲೆ ಕೆಲವು ವಾರ ರೂಢಿ ಬೇಕು: ಮೊದಲು ಮನೆಯೊಳಗೆ ಸ್ವಲ್ಪ ಹೊತ್ತು, ಕ್ರಮೇಣ ಹೊರಗೆ. ಮೊದಲ ದಿನವೇ ಸಂತೆಗೆ ಹಾಕಿಕೊಂಡು ಹೋದವರು ಅದನ್ನು ಕಪಾಟಿನಲ್ಲಿಡುವುದೇ ಹೆಚ್ಚು.

ಔಷಧಿಗಳಲ್ಲಿ ಫ್ಯುರೊಸೆಮೈಡ್, ಅಮಿಕಾಸಿನ್ ಮತ್ತು ಜೆಂಟಾಮೈಸಿನ್ ಚುಚ್ಚುಮದ್ದು, ಹೆಚ್ಚಿನ ಪ್ರಮಾಣದ ಆಸ್ಪಿರಿನ್ ಇವು ಕಿವಿಯನ್ನು ಬಾಧಿಸಬಲ್ಲವು. ಮೂತ್ರಪಿಂಡ ದುರ್ಬಲವಾಗಿದ್ದರೆ ಎಚ್ಚರ ಇನ್ನೂ ಹೆಚ್ಚು ಬೇಕು. ಹಾಗೆಂದು ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ, ಪಟ್ಟಿಯನ್ನು ವೈದ್ಯರಿಗೆ ತೋರಿಸಿ ಕೇಳಿ. ಒಂದೆರಡು ದಿನದೊಳಗೆ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಹಾಕದೆ ಅಂದೇ ಇಎನ್‌ಟಿ ವೈದ್ಯರಲ್ಲಿಗೆ ಹೋಗಿ. ಅದಕ್ಕೆ ಕೊಡುವ ಸ್ಟೀರಾಯ್ಡ್ ಚಿಕಿತ್ಸೆ ಆದಷ್ಟು ಬೇಗ ಶುರುವಾಗಬೇಕು. ಆ ಔಷಧಿ ಸಕ್ಕರೆಯನ್ನು ಏರಿಸುವುದರಿಂದ ತಂದೆಯವರು ಮಧುಮೇಹಿ ಎಂಬುದನ್ನು ಅಲ್ಲಿ ಮೊದಲೇ ತಿಳಿಸಿ.