ಇಪ್ಪತ್ತಾರು ವರ್ಷ ಗ್ಲಿವಿತ್ಸೆಯ ಮೇಯರ್ ಆಗಿದ್ದವರು ಸೆನೆಟಿಗೆ ಹೋದದ್ದೇಕೆ?

ಪ್ರಶ್ನೆ

ಪೋಲೆಂಡಿನ ಸ್ಥಳೀಯ ಆಡಳಿತದ ಬಗ್ಗೆ ಕೆಲವು ತಿಂಗಳಿಂದ ಓದುತ್ತಿದ್ದೇನೆ. ಸಿಲೇಸಿಯಾ ಪ್ರಾಂತ್ಯದ ಗ್ಲಿವಿತ್ಸೆ ನಗರದ ಮೇಯರ್ ಆಗಿದ್ದ ಜಿಗ್ಮುಂಟ್ ಫ್ರಾಂಕ್ಯೆವಿಚ್ ಅವರ ವೃತ್ತಾಂತ ನನ್ನನ್ನು ಹಿಡಿದು ನಿಲ್ಲಿಸಿತು. 1993ರಲ್ಲಿ ಆ ಹುದ್ದೆಗೆ ಬಂದವರು 2019ರವರೆಗೆ ಅಲ್ಲಿಯೇ ಇದ್ದರು. 2018ರಲ್ಲಿ ಮತದಾರರು ಮತ್ತೊಮ್ಮೆ ಆರಿಸಿದ್ದರೂ, ಮರುವರ್ಷವೇ ಆ ಅವಧಿಯನ್ನು ನಡುವೆ ಬಿಟ್ಟು, ಸಂಸತ್ತಿನ ಮೇಲ್ಮನೆಯಾದ ನೂರು ಸದಸ್ಯರ ಸೆನೆಟಿಗೆ ಸ್ಪರ್ಧಿಸಿ ಗೆದ್ದರು. ಒಂದು ಇಡೀ ನಗರದ ಆಡಳಿತ ಕೈಯಲ್ಲಿದ್ದವರು ನೂರರಲ್ಲಿ ಒಬ್ಬರಾಗಲು ಒಪ್ಪಿದ್ದೇಕೆ ಎಂಬುದು ನನಗೆ ಬಿಡಿಸಲಾಗದ ಒಗಟಾಗಿದೆ. ಕೆಲವು ಬರಹಗಳಲ್ಲಿ ಅವರನ್ನು ನಗರದ 'ಪ್ರೆಸಿಡೆಂಟ್' ಎಂದು ಕರೆದಿರುವುದೂ ಗೊಂದಲ ಹುಟ್ಟಿಸಿದೆ. ಪೋಲೆಂಡಿನ ರಾಜಕೀಯವನ್ನು ಬಲ್ಲವರು ದಯವಿಟ್ಟು ವಿವರಿಸಬೇಕು.

ಮೊದಲ ಉತ್ತರ

ಹೆಸರಿನ ಗೊಂದಲವನ್ನು ಮೊದಲು ಪರಿಹರಿಸುತ್ತೇನೆ. ಅಲ್ಲಿ ಗ್ರಾಮೀಣ ಪುರಸಭೆಯ ಮುಖ್ಯಸ್ಥರಿಗೆ ಒಂದು ಹೆಸರು, ಸಣ್ಣ ಪಟ್ಟಣದವರಿಗೆ ಇನ್ನೊಂದು, ದೊಡ್ಡ ನಗರದವರಿಗೆ 'ಪ್ರೆಜಿಡೆಂಟ್' ಎಂಬ ಹೆಸರು ಇದೆ. ಕೆಲಸ ಮೂವರದೂ ಒಂದೇ ಬಗೆಯದು. ಆದ್ದರಿಂದ ಅವರನ್ನು ಮೇಯರ್ ಎಂದರೆ ತಪ್ಪೇನಿಲ್ಲ, ಆದರೆ ಆ ಮಾತು ನಮ್ಮ ಮನಸ್ಸಿಗೆ ತರುವ ಅಲಂಕಾರದ ಹುದ್ದೆ ಅದಲ್ಲ. ಬಜೆಟ್ಟಿನ ಕರಡನ್ನು ಮಂಡಿಸುವ ಹಕ್ಕು ಮೇಯರ್ ಒಬ್ಬರಿಗೇ ಸೇರಿದ್ದು. ಉಪ ಮೇಯರುಗಳನ್ನು ನೇಮಿಸುವವರೂ, ನಗರ ಕಚೇರಿಯ ಸಿಬ್ಬಂದಿಗೆ ಮೇಲಧಿಕಾರಿಯೂ ಅವರೇ. 2002ರಿಂದ ಜನರೇ ನೇರವಾಗಿ ಆರಿಸುವುದರಿಂದ, ನಗರ ಪರಿಷತ್ತಿಗೆ ಅವರನ್ನು ತಾನಾಗಿಯೇ ಇಳಿಸುವ ಅಧಿಕಾರವಿಲ್ಲ; ಅದಕ್ಕೆ ಜನಮತಗಣನೆಯೇ ಆಗಬೇಕು.

ಫ್ರಾಂಕ್ಯೆವಿಚ್ ಸಿಲೇಸಿಯನ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದ ಎಂಜಿನಿಯರ್. ಕಮ್ಯುನಿಸ್ಟ್ ಆಳ್ವಿಕೆ ಮುಗಿದು, 1990ರ ಮೇ 27ರಂದು ಸ್ವತಂತ್ರವಾಗಿ ಸ್ಥಳೀಯ ಚುನಾವಣೆ ನಡೆದ ಕಾಲದ ತಲೆಮಾರು ಅವರದು. ಆರಂಭದಲ್ಲಿ ಪರಿಷತ್ತು ಅವರನ್ನು ಆರಿಸಿತು. ಬಳಿಕ 2002, 2006, 2010, 2014, 2018ರ ಐದು ನೇರ ಚುನಾವಣೆಗಳಲ್ಲೂ ಅವರೇ ಗೆದ್ದರು. ಅವರು ಅಧಿಕಾರಕ್ಕೆ ಬಂದಾಗ ನಗರ ಕಲ್ಲಿದ್ದಲು ಮತ್ತು ಭಾರಿ ಉದ್ಯಮಗಳನ್ನು ನೆಚ್ಚಿಕೊಂಡಿತ್ತು, ಆ ಆಧಾರವೋ ದಿನದಿಂದ ದಿನಕ್ಕೆ ಕುಸಿಯುತ್ತಿತ್ತು. 1996ರಲ್ಲಿ ರೂಪುಗೊಂಡ ಕಾತೊವಿತ್ಸೆ ವಿಶೇಷ ಆರ್ಥಿಕ ವಲಯದ ಒಂದು ಉಪವಲಯ ಗ್ಲಿವಿತ್ಸೆಗೆ ಬಂತು, 1998ರಲ್ಲಿ ಒಪೆಲ್ ಕಾರ್ಖಾನೆಯಿಂದ ಕಾರುಗಳು ಹೊರಬರತೊಡಗಿದವು. ಮುಚ್ಚಿದ ಗಣಿಯ ಜಾಗದಲ್ಲಿ 'ನೋವೆ ಗ್ಲಿವಿತ್ಸೆ', ಅಂದರೆ ಹೊಸ ಗ್ಲಿವಿತ್ಸೆ, ಎಂಬ ಶಿಕ್ಷಣ ಮತ್ತು ಉದ್ಯಮ ಕೇಂದ್ರ ತಲೆ ಎತ್ತಿತು. ದೇಶದ ಎರಡು ಮುಖ್ಯ ಹೆದ್ದಾರಿಗಳಾದ ಎ1 ಮತ್ತು ಎ4 ಈ ನಗರದ ಅಂಚಿನಲ್ಲಿಯೇ ಕೂಡುತ್ತವೆ. ಇದೆಲ್ಲವೂ ಒಬ್ಬ ಮೇಯರ್ ಮಾಡಿದ್ದೆಂದು ನಾನು ಹೇಳಲಾರೆ. ಹೆದ್ದಾರಿ ಸರ್ಕಾರದ್ದು, ಕಾರ್ಖಾನೆ ಕಂಪನಿಯದು. ಆದರೆ ಅವಕಾಶ ಬಂದಾಗ ಜಮೀನು, ರಸ್ತೆ, ನೀರು ಸಿದ್ಧವಿಟ್ಟುಕೊಂಡು ಕಾಯುವ ನಗರಾಡಳಿತ ಎಲ್ಲ ಕಡೆ ಇರುವುದಿಲ್ಲ, ಮತ್ತು ಅಂಥ ಸಿದ್ಧತೆಗೆ ಒಂದೇ ಕೈಯಲ್ಲಿ ಹಲವು ವರ್ಷ ಆಡಳಿತ ಇದ್ದದ್ದು ನೆರವಾಯಿತು ಎಂದು ನನಗನ್ನಿಸುತ್ತದೆ.

ಎರಡನೆಯ ಉತ್ತರ

ಮೇಲಿನ ಉತ್ತರ ಚೆನ್ನಾಗಿದೆ, ಆದರೆ ಅದರಲ್ಲಿ ಟ್ರಾಮಿನ ಮಾತೇ ಬಂದಿಲ್ಲ. ಅದನ್ನು ಬಿಟ್ಟು ಆ ಇಪ್ಪತ್ತಾರು ವರ್ಷಗಳನ್ನು ಅಳೆಯುವುದು ಸರಿಯಲ್ಲ. 2009ರ ಸೆಪ್ಟೆಂಬರಿನಲ್ಲಿ ಗ್ಲಿವಿತ್ಸೆಯ ಬಹುಭಾಗದಲ್ಲಿ ಟ್ರಾಮ್ ಸಂಚಾರವನ್ನು ನಿಲ್ಲಿಸಿ ಬಸ್ಸುಗಳನ್ನು ಬಿಡಲಾಯಿತು. ಹಳಿಗಳು ಹಳೆಯವು, ದುರಸ್ತಿಗೆ ತಗಲುವ ವೆಚ್ಚ ಹೆಚ್ಚು ಎಂಬುದು ಆಡಳಿತದ ವಾದವಾಗಿತ್ತು. ಯುರೋಪಿನ ಅನೇಕ ನಗರಗಳು ಕಿತ್ತುಹಾಕಿದ ಟ್ರಾಮನ್ನು ಮತ್ತೆ ತರುತ್ತಿದ್ದ ಕಾಲದಲ್ಲಿ ಇದ್ದದ್ದನ್ನೇ ತೆಗೆಯುವುದು ಹಿನ್ನಡೆ ಎಂದು ವಿರೋಧಿಗಳು ಹೇಳಿದರು. ಅವರ ಮಾತಿನಲ್ಲಿ ಹುರುಳಿತ್ತೆಂದೇ ನಾನು ನಂಬುತ್ತೇನೆ. ಅದೇ ವರ್ಷ ಮೇಯರ್ ಅವರನ್ನು ಇಳಿಸಲು ಜನಮತಗಣನೆ ನಡೆಯಿತು. ಅಲ್ಲಿನ ಕಾನೂನಿನ ಪ್ರಕಾರ, ಆ ವ್ಯಕ್ತಿ ಆಯ್ಕೆಯಾದ ಚುನಾವಣೆಯಲ್ಲಿ ಮತ ಹಾಕಿದವರ ಐದರಲ್ಲಿ ಮೂರು ಪಾಲಿನಷ್ಟು ಜನರಾದರೂ ಬಂದರೆ ಮಾತ್ರ ಅದರ ಫಲಿತಾಂಶ ಊರ್ಜಿತವಾಗುತ್ತದೆ. ಅಷ್ಟು ಜನ ಬರಲಿಲ್ಲ, ಅವರು ಹುದ್ದೆಯಲ್ಲಿ ಉಳಿದರು.

ಮರುವರ್ಷದ ಚುನಾವಣೆಯಲ್ಲಿ ಅವರು ಮತ್ತೆ ಗೆದ್ದರು ಎಂಬುದನ್ನೂ ನಾನು ಮುಚ್ಚಿಡುವುದಿಲ್ಲ. ಆದರೆ ಮತಗಟ್ಟೆಗೆ ಬಾರದವರೆಲ್ಲ ಮೇಯರ್ ಪರವಾಗಿದ್ದರು ಎಂದು ಓದಿಕೊಳ್ಳುವುದು ನ್ಯಾಯವಲ್ಲ. ಇಂಥ ಜನಮತಗಣನೆಯಲ್ಲಿ ಮನೆಯಲ್ಲೇ ಉಳಿಯುವುದು ಅಧಿಕಾರದಲ್ಲಿರುವವರಿಗೆ ತಾನಾಗಿಯೇ ಅನುಕೂಲವಾಗುತ್ತದೆ. 2016ರಲ್ಲಿ ಪೂರ್ಣಗೊಂಡ, ಕಾತೊವಿತ್ಸೆಯಿಂದ ಬರುವ ವೇಗದ ರಸ್ತೆಯನ್ನು ನಗರದ ನಡುವೆಯೇ ಹಾಯಿಸಿದ್ದೂ ಇದೇ ಬಗೆಯ ವಾದಕ್ಕೆ ಕಾರಣವಾಯಿತು. ಕಾರ್ಖಾನೆಗೆ ಬೇಕಾದುದನ್ನು ಬೇಗ ಗ್ರಹಿಸಿದ ಆಡಳಿತ, ನಡೆದು ಹೋಗುವವರಿಗೂ ಟ್ರಾಮಿಗೆ ಕಾಯುವವರಿಗೂ ಬೇಕಾದುದನ್ನು ಅಷ್ಟೇ ಬೇಗ ಗ್ರಹಿಸಲಿಲ್ಲ ಎಂಬುದು ನನ್ನ ಆಕ್ಷೇಪ.

ಮೂರನೆಯ ಉತ್ತರ

ನಿಮ್ಮ ಮೂಲ ಪ್ರಶ್ನೆ ಸೆನೆಟಿನ ಬಗ್ಗೆ ಇದ್ದುದರಿಂದ ಅಲ್ಲಿಗೇ ಬರುತ್ತೇನೆ. ಫ್ರಾಂಕ್ಯೆವಿಚ್ ಗ್ಲಿವಿತ್ಸೆಯ ಮೇಯರ್ ಮಾತ್ರ ಆಗಿರಲಿಲ್ಲ, 1917ರಲ್ಲಿ ಹುಟ್ಟಿ 1991ರಲ್ಲಿ ಮರುಜೀವ ಪಡೆದ ಪೋಲೆಂಡಿನ ನಗರಗಳ ಒಕ್ಕೂಟದ ಅಧ್ಯಕ್ಷರೂ ಆಗಿದ್ದರು. ಹೀಗಾಗಿ ವಾರ್ಸಾದಲ್ಲಿ ಬರೆಯುವ ಒಂದು ಸಾಲು ನೂರಾರು ನಗರಗಳ ಖಜಾನೆಯನ್ನು ಹೇಗೆ ಅಲುಗಿಸುತ್ತದೆ ಎಂಬುದು ಅವರಿಗೆ ದಿನನಿತ್ಯದ ಅನುಭವವಾಗಿತ್ತು. ಅಲ್ಲಿ ಆಗ ವೈಯಕ್ತಿಕ ಆದಾಯ ತೆರಿಗೆಯ ಒಂದು ಪಾಲು ಸ್ಥಳೀಯ ಸಂಸ್ಥೆಗಳಿಗೆ ಸೇರುತ್ತಿತ್ತು. 2019ರಲ್ಲಿ ಸರ್ಕಾರ 26 ವರ್ಷದೊಳಗಿನವರಿಗೆ ಆದಾಯ ತೆರಿಗೆ ವಿನಾಯಿತಿ ನೀಡಿತು, ಕೆಳಹಂತದ ದರವನ್ನು ಶೇ. 18ರಿಂದ 17ಕ್ಕೆ ಇಳಿಸಿತು. ತೆರಿಗೆ ಕಟ್ಟುವವರಿಗೆ ಅದು ಒಳ್ಳೆಯ ಸುದ್ದಿ, ಆದರೆ ಶಾಲೆ, ಬಸ್ಸು, ಬೀದಿದೀಪಗಳ ಖರ್ಚು ಕಡಿಮೆಯಾಗದೆ ವರಮಾನ ಮಾತ್ರ ಕುಗ್ಗಿದ ನಗರಗಳಿಗೆ ಅದು ನಷ್ಟ. ಸಮಸ್ಯೆಯ ಮೂಲ ಶಾಸನದಲ್ಲಿದ್ದಾಗ ಮೇಯರ್ ಕುರ್ಚಿಯಿಂದ ಅದನ್ನು ಸರಿಪಡಿಸಲಾಗದು. ಅವರು ಸೆನೆಟಿಗೆ ಹೋದದ್ದನ್ನು ನಾನು ಅರ್ಥ ಮಾಡಿಕೊಳ್ಳುವುದು ಹೀಗೆ. ಹೋದ ಮೇಲೆ ಸ್ಥಳೀಯ ಆಡಳಿತಕ್ಕೆ ಸಂಬಂಧಿಸಿದ ಸಮಿತಿಯ ಅಧ್ಯಕ್ಷತೆಯನ್ನೇ ಅವರು ವಹಿಸಿಕೊಂಡರು ಎಂಬುದು ಈ ಊಹೆಗೆ ಬಲ ಕೊಡುತ್ತದೆ.

ನೂರರಲ್ಲಿ ಒಬ್ಬರು ಎಂದಿರಿ. 2019ರ ಅಕ್ಟೋಬರಿನಲ್ಲಿ ಆ ಒಂದೊಂದು ಸ್ಥಾನದ ಬೆಲೆ ಬೇರೆಯೇ ಇತ್ತು. ಒಬ್ಬರೇ ಗೆಲ್ಲುವ ಕ್ಷೇತ್ರಗಳಲ್ಲಿ ವಿರೋಧ ಪಕ್ಷಗಳು ಪರಸ್ಪರ ಮತ ಒಡೆಯದಂತೆ ಒಪ್ಪಂದ ಮಾಡಿಕೊಂಡಿದ್ದವು, ಆಗ ಆಳುತ್ತಿದ್ದ ಕಾನೂನು ಮತ್ತು ನ್ಯಾಯ ಪಕ್ಷ 48 ಸ್ಥಾನಗಳನ್ನಷ್ಟೇ ಗೆದ್ದಿತು. ವಿರೋಧಿಗಳಿಗೆ ಸಿಕ್ಕ ಕೂದಲೆಳೆಯ ಆ ಬಹುಮತದ ಪರಿಣಾಮ 2020ರ ವಸಂತದಲ್ಲಿ ಕಾಣಿಸಿತು. ಸಾಂಕ್ರಾಮಿಕದ ನಡುವೆಯೇ ರಾಷ್ಟ್ರಾಧ್ಯಕ್ಷರ ಚುನಾವಣೆಯನ್ನು ಅಂಚೆ ಮತದಾನದಲ್ಲಿ ಮುಗಿಸುವ ಮಸೂದೆಯನ್ನು ಸೆನೆಟ್ ತನಗಿರುವ 30 ದಿನಗಳನ್ನೂ ಬಳಸಿಕೊಂಡು ಪರಿಶೀಲಿಸಿ ಕೊನೆಗೆ ತಿರಸ್ಕರಿಸಿತು. ಅತ್ತ ಅನೇಕ ಮೇಯರುಗಳು ಮತದಾರರ ಪಟ್ಟಿಯನ್ನು ಅಂಚೆ ಇಲಾಖೆಗೆ ಕೊಡಲು ನಿರಾಕರಿಸಿದರು. ಕೆಳಮನೆ ಸೆನೆಟಿನ ತಿರಸ್ಕಾರವನ್ನು ತಳ್ಳಿಹಾಕಬಹುದು ಎಂಬುದು ನಿಜವೇ, ಆದರೆ ಅಷ್ಟರಲ್ಲಿ ಸಮಯ ಮೀರಿತ್ತು, ಮೇ 10ರ ಮತದಾನ ನಡೆಯಲೇ ಇಲ್ಲ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಟ್ರಾಮಿನ ವಿಷಯ ನಾನು ಓದಿದ ಬರಹಗಳಲ್ಲಿ ಬಂದಿರಲಿಲ್ಲ. ಹಾಗಾದರೆ ಅವರು ಬಿಟ್ಟುಹೋದ ಹುದ್ದೆಯಲ್ಲಿ ಉಳಿದಿದ್ದ ನಾಲ್ಕು ವರ್ಷಗಳಿಗೆ ಏನಾಯಿತು? ಆರಿಸಿದ ಜನರಿಗೆ ಇದು ಒಂದು ಬಗೆಯಲ್ಲಿ ಮಾತು ತಪ್ಪಿದಂತೆ ಆಗಲಿಲ್ಲವೇ?

ಮೂರನೆಯ ಉತ್ತರ ಬರೆದವರಿಂದ

ನಿಮ್ಮ ಆಕ್ಷೇಪ ಸರಿಯಾಗಿದೆ, ಅದಕ್ಕೆ ನನ್ನಲ್ಲಿ ಪೂರ್ತಿ ಸಮಾಧಾನವಿಲ್ಲ. ಮೇಯರ್ ಹುದ್ದೆಯನ್ನೂ ಸಂಸತ್ ಸದಸ್ಯತ್ವವನ್ನೂ ಒಟ್ಟಿಗೆ ಹೊಂದಲು ಅಲ್ಲಿನ ಕಾನೂನು ಬಿಡುವುದಿಲ್ಲ. ಸೆನೆಟಿಗೆ ಆಯ್ಕೆಯಾದೊಡನೆ ಅವರ ಮೇಯರ್ ಅವಧಿ ಮುಗಿಯಿತು, ಹೊಸ ಚುನಾವಣೆಯವರೆಗೆ ಆ ಕೆಲಸಕ್ಕೆ ಒಬ್ಬರನ್ನು ನೇಮಿಸುವ ಅಧಿಕಾರ ಪ್ರಧಾನಿಗೆ ಹೋಯಿತು. ವಿರೋಧ ಪಕ್ಷದ ಬೆಂಬಲದಿಂದ ಗೆದ್ದವರ ನಗರ ಸ್ವಲ್ಪ ಕಾಲವಾದರೂ ಸರ್ಕಾರ ನೇಮಿಸಿದವರ ಕೈಗೆ ಸೇರಿತು ಎಂಬುದು ಈ ನಿರ್ಧಾರಕ್ಕೆ ತೆತ್ತ ಬೆಲೆ. 2020ರ ಜನವರಿಯಲ್ಲಿ ನಡೆದ ಚುನಾವಣೆಯಲ್ಲಿ ಅವರ ಉಪ ಮೇಯರ್ ಆಗಿದ್ದ ಆದಾಮ್ ನೊಯ್ಮನ್ ಗೆದ್ದರು.

ಎರಡನೆಯ ಉತ್ತರ ಬರೆದವರಿಂದ

ಒಂದು ಮಾತು ಸೇರಿಸಬೇಕು. ಇಷ್ಟು ದೀರ್ಘ ಮೇಯರ್‌ಗಿರಿ ಇನ್ನು ಸಾಧ್ಯವಾಗುವುದು ಕಷ್ಟ. 2018ರ ಶಾಸನ ಅವಧಿಯನ್ನು ನಾಲ್ಕರಿಂದ ಐದು ವರ್ಷಕ್ಕೆ ಏರಿಸಿತು, ಜೊತೆಗೆ ಒಬ್ಬರಿಗೆ ಎರಡೇ ಅವಧಿ ಎಂಬ ಮಿತಿಯನ್ನೂ ಹಾಕಿತು. ಎಣಿಕೆ ಆ ವರ್ಷದ ಚುನಾವಣೆಯಿಂದಲೇ ಆರಂಭವಾಗುವುದರಿಂದ, 2018 ಮತ್ತು 2024ರಲ್ಲಿ ಗೆದ್ದವರು ಶಾಸನ ಹೀಗೆಯೇ ಉಳಿದರೆ 2029ರಲ್ಲಿ ಅದೇ ಊರಿನಲ್ಲಿ ಸ್ಪರ್ಧಿಸುವಂತಿಲ್ಲ. ನೋವಾ ಸೂಲ್ ಪಟ್ಟಣದ ಮುಖ್ಯಸ್ಥರಾಗಿದ್ದ ವಾದಿಮ್ ತಿಶ್ಕ್ಯೆವಿಚ್ ಫ್ರಾಂಕ್ಯೆವಿಚ್ ಅವರ ಜೊತೆಗೇ 2019ರಲ್ಲಿ ಸೆನೆಟಿಗೆ ಬಂದರು. 1998ರಿಂದ ಸೊಪೊತ್ ನಗರದ ಮೇಯರ್ ಆಗಿದ್ದ ಯಾತ್ಸೆಕ್ ಕಾರ್ನೊವ್ಸ್ಕಿ 2023ರಲ್ಲಿ ಕೆಳಮನೆಗೆ ಆಯ್ಕೆಯಾದರು. 2029ರ ಹೊತ್ತಿಗೆ ಊರಿನ ಬಾಗಿಲು ಮುಚ್ಚಿಕೊಳ್ಳುವ ಮೇಯರುಗಳಲ್ಲಿ ಎಷ್ಟು ಮಂದಿ ಇದೇ ದಾರಿ ಹಿಡಿಯುತ್ತಾರೆ ಎಂಬುದನ್ನು ನಾನು ಗಮನವಿಟ್ಟು ನೋಡುತ್ತೇನೆ.