ಪದ ಬೇಕು: ದೋಣಿಯ ಗೇರ್ ಎಣ್ಣೆಗೆ ನೀರು ಸೇರಿದ್ದರೆ ಏನೆಂದು ಬರೆಯುವುದು?

ಮಲ್ಪೆಯಿಂದ:

ಎಲ್ಲರಿಗೂ ನಮಸ್ಕಾರ. ಅವಸರದ ಕೆಲಸ ಒಂದಿದೆ. ನಾಡದೋಣಿಗಳ ಔಟ್‌ಬೋರ್ಡ್ ಇಂಜಿನ್ (ದೋಣಿಯ ಹಿಂಬದಿಗೆ ಹೊರಗಿನಿಂದ ತಗಲಿಸುವ ಇಂಜಿನ್) ರಿಪೇರಿ ಮಾಡುವ ಶೆಡ್ಡಿನ ಗೋಡೆಗೆ ಬೋರ್ಡ್ ಬರೆಸಬೇಕು. ನಾಳೆ ಸಂಜೆಯೊಳಗೆ ಬರಹ ಕೊಡಿ ಅಂದಿದ್ದಾರೆ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟ್‌ಗಳಿಗೆ ರಜೆ. ನಾಡದೋಣಿಯವರ ದುಡಿಮೆ ಇರುವುದೇ ಆ ಮಳೆಗಾಲದಲ್ಲಿ. ಅಷ್ಟರೊಳಗೆ ಬೋರ್ಡ್ ಏರಬೇಕು.

ಇಂಜಿನ್ ಜೊತೆ ಬರುವ ಇಂಗ್ಲಿಷ್ ಪುಸ್ತಕದಿಂದ ಯಾರೋ ಮಾಡಿಕೊಟ್ಟ ತಲೆಬರಹ ಹೀಗಿದೆ: 'ಗೇರ್ ತೈಲದ ಜಲಮಾಲಿನ್ಯ ತಪಾಸಣೆ'. ಇದು ಹಾಗೇ ಗೋಡೆಗೆ ಹೋಗಬಾರದು, ಅಲ್ವಾ? ಎಣ್ಣೆ ಬಿಳಿಚಿಕೊಂಡಿದ್ದರೆ ಅದಕ್ಕೊಂದು ಮಾತು ಬೇಕು. ಗೇರ್ ಕೇಸಿನ ಮೇಲೊಂದು, ಕೆಳಗೊಂದು ಇರುವ ಮುಚ್ಚುವ ಬೋಲ್ಟ್‌ಗಳಿಗೂ ಹೆಸರು ಬೇಕು. ಪುಸ್ತಕದ ಇಂಗ್ಲಿಷ್ ಹೆಸರು ಹಾಕಿದರೆ ಯಾರೂ ಓದುವುದಿಲ್ಲ.

ಮೈಸೂರಿನಿಂದ:

ಜಲಮಾಲಿನ್ಯ ಅಂದರೆ ನೀರು ಕೆಟ್ಟಿರುವುದು. ಇಲ್ಲಿ ಕೆಟ್ಟಿರುವುದು ಎಣ್ಣೆ. ಅರ್ಥ ತಲೆಕೆಳಗಾಗಿದೆ. ಹೊಡೆದುಹಾಕಿ.

ತೈಲವೂ ಬೇಡ. ಎಳ್ + ನೆಯ್ ಎಣ್ಣೆ. ಬೆಳ್ + ನೆಯ್ ಬೆಣ್ಣೆ. ಮೂಲ ಪದ ನೆಯ್, ಅಂದರೆ ಜಿಡ್ಡು. ಗೇರ್ ಪೆಟ್ಟಿಗೆಯೊಳಗೆ ಎಳ್ಳು ಎಲ್ಲಿಂದ ಬರಬೇಕು? ಹಾಗಾಗಿ ಎಣ್ಣೆ ಅನ್ನುವುದೂ ಸಡಿಲ ಬಳಕೆಯೇ. ಗೇರ್‌ಗೆ ಹಲ್ಲುಗಾಲಿ ಇದೆ. ನನ್ನ ಸಲಹೆ: 'ಹಲ್ಲುಗಾಲಿನೆಯ್: ನೀರ್ಬೆರಕೆಯ ಒರೆ'. ಚಿಕ್ಕದು, ಪೂರ್ತಿ ಕನ್ನಡ.

ಧಾರವಾಡದಿಂದ:

ನೆಯ್ ಅಂದರೆ ಇವತ್ತಿನವರಿಗೆ ಸೀರೆ ನೇಯುವುದು ನೆನಪಾಗುತ್ತದೆ. ಗೋಡೆ ಮೇಲೆ ಬರೆಯುವ ಪದ ಅದಲ್ಲ.

ಎಣ್ಣೆಯಲ್ಲಿ ಎಳ್ಳು ಹುಡುಕುವವರು ತೈಲದಲ್ಲಿ ತಿಲವನ್ನೂ ಹುಡುಕಲಿ. ಎರಡೂ ಹುಟ್ಟಿದ್ದು ಒಂದೇ ಕಾಳಿನಿಂದ. ಇಂಗ್ಲಿಷಿನ ಆಯಿಲ್ ಮೂಲದಲ್ಲಿ ಆಲಿವ್ ಎಣ್ಣೆ. ಹುಟ್ಟು ಹಿಡಿದುಕೊಂಡು ಬಳಕೆಯನ್ನು ಕಟ್ಟಿಹಾಕಲು ಆಗುವುದಿಲ್ಲ. ನಾಡದೋಣಿ ಓಡುವುದು ಸೀಮೆಎಣ್ಣೆಯಲ್ಲಿ. ಅದನ್ನೂ ತಿದ್ದುತ್ತೀರಾ?

'ಗೇರ್ ತೈಲ' ಮಾತ್ರ ಬೇಡ. 13ನೇ ಶತಮಾನದಲ್ಲಿ ವ್ಯಾಕರಣ ಬರೆದ ಕೇಶಿರಾಜ ಅರಿಸಮಾಸ (ಬೇರೆ ಬೇರೆ ಭಾಷೆಯ ಪದಗಳ ಸಮಾಸ) ಬೇಡ ಅಂದದ್ದು ಸುಮ್ನೆ ಅಲ್ಲ. 'ಗೇರ್ ಎಣ್ಣೆ' ಸಾಕು. ತಲೆಬರಹ: 'ಕಲಬೆರಕೆ ಎಣ್ಣೆ ಪತ್ತೆ'.

ಮೈಸೂರಿನಿಂದ:

ಕೇಶಿರಾಜ ಹೇಳಿದ್ದು ಸಂಸ್ಕೃತ, ಕನ್ನಡ ಪದಗಳ ಸೇರಿಕೆಗೆ. ಇಂಗ್ಲಿಷಿಗೆ ಎಳೆಯಬೇಡಿ.

ಗಂಗೊಳ್ಳಿಯಿಂದ:

ಕಲಬೆರಕೆ ಬೇಡವೇ ಬೇಡ ಮಾರಾಯ್ರೆ. ಯಾರೋ ಬೇಕಂತ ಬೆರೆಸಿದ್ದಕ್ಕೆ ಕಲಬೆರಕೆ ಅನ್ನುತ್ತಾರೆ. ಪೆಟ್ರೋಲಿಗೆ ಸೀಮೆಎಣ್ಣೆ ಹಾಕಿದರೆ ಕಲಬೆರಕೆ. ಈ ಬೋರ್ಡ್ ಓದಿದವರು ಎಣ್ಣೆ ಮಾರಿದ ಅಂಗಡಿಯವರ ಹತ್ತಿರ ಜಗಳಕ್ಕೆ ಹೋಗುತ್ತಾರೆ, ನೀರು ಒಳಗೆ ಬರದಂತೆ ಶಾಫ್ಟಿನ ಸುತ್ತ ಇರುವ ಸೀಲ್ ಕಡೆ ನೋಡುವುದಿಲ್ಲ. ನೀರ್ಬೆರಕೆಗೂ ಅದೇ ತೊಂದರೆ.

ನಿಜವಾಗಿ ಆಗುವುದು ಬೇರೆ. ಬಲೆಯ ನೂಲು ಫ್ಯಾನಿನ (ನೀರಿನಲ್ಲಿ ತಿರುಗಿ ದೋಣಿ ತಳ್ಳುವ ಪ್ರೊಪೆಲ್ಲರ್) ಹಿಂದೆ ಶಾಫ್ಟಿಗೆ ಸುತ್ತಿಕೊಳ್ಳುತ್ತದೆ. ತಿರುಗುತ್ತಾ ತಿರುಗುತ್ತಾ ಆಯಿಲ್ ಸೀಲನ್ನು ಕೊರೆಯುತ್ತದೆ. ಅಲ್ಲಿಂದ ಕಡಲ ನೀರು ಒಳಗೆ ಹೋಗುತ್ತದೆ. ಇಲ್ಲವಾದರೆ ಬೋಲ್ಟಿನ ವಾಷರ್ ಚಪ್ಪಟೆಯಾಗಿ, ಹಳೆಯದನ್ನೇ ಮತ್ತೆ ಹಾಕಿರುತ್ತಾರೆ. ಎರಡರಲ್ಲೂ ನೀರು ದಾರಿ ಮಾಡಿಕೊಂಡು ಬಂದಿದೆ. ಯಾರೂ ಬೆರೆಸಿಲ್ಲ. ಆದ್ದರಿಂದ 'ನೀರು ಹೊಕ್ಕಿದೆ' ಅನ್ನಬೇಕು. ಹಾಗೆ ಬರೆದರೆ ಓದಿದವರು 'ಎಲ್ಲಿಂದ ಹೊಕ್ಕಿತು?' ಅಂತ ಕೇಳುತ್ತಾರೆ. ಬೋರ್ಡಿನಿಂದ ಆಗಬೇಕಾದದ್ದು ಅದೇ. ತುಳುವಿನ ಪೊಗ್ಗುನಿ, ಹಳಗನ್ನಡದ ಪುಗು, ನಮ್ಮ ಹೊಗು ಎಲ್ಲ ಒಂದೇ ಬಳಗ. ಮಲ್ಪೆಯ ತುಳುವರಿಗೂ ಅರ್ಥ ಆಗುತ್ತದೆ.

ಇನ್ನು ಬಣ್ಣ. 'ಬಿಳಿ ಎಣ್ಣೆ' ಅಂತ ಮಾತ್ರ ಬರೆದು ಬಿಡಬೇಡಿ, ಅದು ಅರ್ಧ ಮಾತು. ಈಗಷ್ಟೇ ಓಡಿ ಬಂದ ಇಂಜಿನ್ ಆದರೆ ಗೇರಿನ ಹಲ್ಲುಗಳು ನೀರನ್ನೂ ಎಣ್ಣೆಯನ್ನೂ ಕಡೆದು ಒಂದು ಮಾಡಿರುತ್ತವೆ. ಹಾಲು ಹಾಕಿದ ಕಾಫಿಯ ಬಣ್ಣ ಬರುತ್ತದೆ. ರಾತ್ರಿಯಿಡೀ ನಿಂತ ಇಂಜಿನ್ನಿನಲ್ಲಿ ಹಾಗಿರಬೇಕಂತ ಇಲ್ಲ. ಎಣ್ಣೆಗಿಂತ ನೀರು ಭಾರ, ಅಡಿಗೆ ಇಳಿದಿರಬಹುದು. ಕೆಳಗಿನ ಬೋಲ್ಟ್ ನಿಧಾನ ಸಡಿಲಿಸಿದರೆ ಮೊದಲು ನೀರು ಹನಿಯುತ್ತದೆ, ಹಿಂದಿನಿಂದ ಎಣ್ಣೆ. ಬಿಳಿ ಬಣ್ಣ ಮಾತ್ರ ಹುಡುಕುವವನು ಆ ಮೊದಲ ಹನಿಗಳನ್ನು ನೆಲಕ್ಕೆ ಬಿಟ್ಟು, ಎಣ್ಣೆ ಚೆನ್ನಾಗಿದೆ ಅಂತ ಮುಚ್ಚುತ್ತಾನೆ. ಆಮೇಲೆ ಒಳಗೆ ಬೇರಿಂಗ್ ತುಕ್ಕು ಹಿಡಿಯುತ್ತದೆ.

ಗಾಳಿ ಗುಳ್ಳೆ ಸೇರಿದರೂ ಎಣ್ಣೆ ಮಬ್ಬಾಗಿ ಕಾಣುವುದುಂಟು. ಗಾಜಿನ ಬಾಟಲಿಗೆ ಹಾಕಿ ಸ್ವಲ್ಪ ಹೊತ್ತು ಇಡಿ. ಗಾಳಿಯಾದರೆ ತಿಳಿಯಾಗುತ್ತದೆ. ನೀರಾದರೆ ಮಬ್ಬು ಅಷ್ಟು ಬೇಗ ಹೋಗುವುದಿಲ್ಲ. ಆಗಲೂ ಅನುಮಾನ ಇದ್ದರೆ ಚೆನ್ನಾಗಿ ಕಾದ ತಗಡಿನ ಮೇಲೆ ಒಂದು ಹನಿ ಬಿಟ್ಟು ನೋಡಬೇಕು. ನೀರಿದ್ದರೆ ಚಟಪಟ ಅನ್ನುತ್ತದೆ. ಮುಖ ದೂರ ಇಟ್ಟುಕೊಳ್ಳಬೇಕು, ಎಣ್ಣೆ ಸಿಡಿಯುತ್ತದೆ. ಇದಕ್ಕೆ 'ಚಟಪಟ ಪರೀಕ್ಷೆ' ಅಂತಲೇ ಬರೆಯಿರಿ. ಬೇರೆ ಹೆಸರು ಏಕೆ?

ಮೈಸೂರಿನಿಂದ:

'ಹೊಕ್ಕಿದೆ' ಒಪ್ಪಿದೆ. ಒಳ್ಳೆಯ ಪದ. ಬೋಲ್ಟ್ ಒಪ್ಪುವುದಿಲ್ಲ. ಬಿರಡೆ ಇದೆಯಲ್ಲ? ಗೇರ್, ಸೀಲ್, ಶಾಫ್ಟ್, ವಾಷರ್, ಬೋಲ್ಟ್. ಹೀಗೇ ಹೋದರೆ ಕನ್ನಡದ್ದು ಅಂತ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ. ಇರುವ ಪದವನ್ನು ಬಳಸದೆ ಸಾಯಲು ಬಿಡುವುದು ನನಗೆ ನಿಜವಾಗಿ ನೋವು ಕೊಡುತ್ತದೆ. ಒಂದು ಬೋರ್ಡ್ ತಾನೇ ಅಂತ ಎಲ್ಲ ಬೋರ್ಡಿನಲ್ಲೂ ಬಿಟ್ಟಿದ್ದೇವೆ.

ಧಾರವಾಡದಿಂದ:

ನಾವು ಚಾವಿ, ಪಗಾರ ಅನ್ನುತ್ತೇವೆ. ಎರಡೂ ಪೋರ್ಚುಗೀಸ್. ದೋಣಿಯ ಚುಕ್ಕಾಣಿ ಅರಬ್ಬಿ ಮೂಲದ್ದು, ನಾಡು ಆಳುವವರ ಬಗ್ಗೆ ಬರೆಯುವಾಗಲೂ ಅದನ್ನೇ ಬಳಸುತ್ತೇವೆ. ಕಡಲ ಕೆಲಸದ ಎಷ್ಟೋ ಪದ ಕಡಲ ಮೇಲಿಂದಲೇ ಬಂದವು. ಕನ್ನಡ ಏನೂ ಸೊರಗಲಿಲ್ಲ.

ಮೈಸೂರಿನಿಂದ:

ಪದ ಇಲ್ಲದಾಗ ತಂದದ್ದು ಬೇರೆ. ಇದ್ದೂ ಬಿಟ್ಟದ್ದು ಬೇರೆ.

ಗಂಗೊಳ್ಳಿಯಿಂದ:

ಬಿರಡೆ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಬಾಟಲಿಯ ಬಿರಡೆಯನ್ನು ಎಳೆದು ತೆಗೆಯುತ್ತೇವೆ. ಇದನ್ನು ಸ್ಕ್ರೂಡ್ರೈವರಿನಿಂದ ತಿರುಗಿಸಬೇಕು. ಹೊಸದಾಗಿ ಕೆಲಸಕ್ಕೆ ಬಂದ ಹುಡುಗನಿಗೆ 'ಕೆಳಗಿನ ಬೋಲ್ಟ್' ಅಂದರೆ ಕೈ ಅಲ್ಲಿಗೇ ಹೋಗುತ್ತದೆ. 'ಬಿರಡೆ' ಅಂದರೆ ಮತ್ತೆ ಕೇಳುತ್ತಾನೆ. ಕೇಳಲು ಸಂಕೋಚಪಟ್ಟರೆ ಇನ್ನೂ ಕಷ್ಟ.

ಹೆಸರಿಗಿಂತ ಕ್ರಮ ಜಾಸ್ತಿ ಮುಖ್ಯ. ದಯವಿಟ್ಟು ಅದನ್ನು ದೊಡ್ಡದಾಗಿ ಬರೆಸಿ. ಹೊಸ ಎಣ್ಣೆಯನ್ನು ಕೆಳಗಿನ ತೂತಿನಿಂದ ಮೇಲಕ್ಕೆ ತುಂಬಬೇಕು. ಆಗ ಒಳಗಿನ ಗಾಳಿ ಮೇಲಿನಿಂದ ಹೊರಗೆ ಹೋಗುತ್ತದೆ. ಮೇಲಿನ ತೂತಿನಲ್ಲಿ ಎಣ್ಣೆ ಬಂತು ಅಂದಮೇಲೆ ಮೊದಲು ಮೇಲಿನದ್ದು ಮುಚ್ಚಬೇಕು, ಆಮೇಲೆ ಎಣ್ಣೆ ತುಂಬುವ ಪಂಪ್ ತೆಗೆದು ಕೆಳಗಿನದ್ದು. ಇಲ್ಲಿ ಮೇಲೆ, ಕೆಳಗೆ ಅನ್ನುವ ಎರಡು ಪದಗಳೇ ಎಲ್ಲ ಕೆಲಸ ಮಾಡುತ್ತವೆ. ಅವು ಕನ್ನಡದವೇ.

ನೀರು ಕಂಡರೆ ಎಣ್ಣೆ ಬದಲಿಸಿ ಸಮುದ್ರಕ್ಕೆ ಹೋಗುವವರೂ ಇದ್ದಾರೆ. ಸೀಲ್ ಹಾಗೇ ಇದ್ದರೆ ಹೊಸ ಎಣ್ಣೆಗೂ ನೀರು ಹೊಗುತ್ತದೆ. ಅದಕ್ಕೂ ಒಂದು ಸಾಲು ಇರಲಿ.

ಮಲ್ಪೆಯಿಂದ:

ಎಲ್ಲರಿಗೂ ಧನ್ಯವಾದ. ಬರಹ ಹೀಗೆ ಮಾಡಿದ್ದೇನೆ:

'ಗೇರ್ ಎಣ್ಣೆಗೆ ನೀರು ಹೊಕ್ಕಿದೆಯಾ? ನೋಡಿ. ಕೆಳಗಿನ ಬೋಲ್ಟ್ ನಿಧಾನ ಸಡಿಲಿಸಿ. ಮೊದಲ ಹನಿಗಳನ್ನು ಬಾಟಲಿಗೆ ಹಿಡಿಯಿರಿ. ನೀರು ಬಂದರೆ, ಅಥವಾ ಎಣ್ಣೆ ಹಾಲು ಹಾಕಿದ ಕಾಫಿಯ ಹಾಗಿದ್ದರೆ, ನೀರು ಹೊಕ್ಕಿದೆ. ಎಲ್ಲಿಂದ ಹೊಕ್ಕಿತು? ಫ್ಯಾನ್ ತೆಗೆದು ನೂಲು ಸುತ್ತಿದೆಯಾ ನೋಡಿ. ಸೀಲ್, ವಾಷರ್ ನೋಡಿ. ಬರೀ ಎಣ್ಣೆ ಬದಲಿಸಿದರೆ ಸಾಲದು. ತುಂಬುವುದು ಕೆಳಗಿನಿಂದ. ಮುಚ್ಚುವುದು ಮೊದಲು ಮೇಲಿನದ್ದು.'

ಚಟಪಟ ಪರೀಕ್ಷೆಯನ್ನು ಬೋರ್ಡಿನಲ್ಲಿ ಹಾಕಿಲ್ಲ. ಸೀಮೆಎಣ್ಣೆ ಇಡುವ ಶೆಡ್ಡಿನಲ್ಲಿ ತಗಡು ಕಾಯಿಸಿ ಅಂತ ಬರೆಯಲು ಮನಸ್ಸು ಬರಲಿಲ್ಲ.

ಮೈಸೂರಿನಿಂದ:

'ಹೊಕ್ಕಿದೆಯೇ' ಆಗಬೇಕು.

ಮಲ್ಪೆಯಿಂದ:

'ಹೊಕ್ಕಿದೆಯಾ' ಅಂತಲೇ ಇರಲಿ ಸರ್. ಶೆಡ್ಡಿನಲ್ಲಿ ಕೇಳುವುದು ಹಾಗೆಯೇ. ಬರಹ ಈಗಷ್ಟೇ ಕಳಿಸಿದೆ.